ಫೋಟೋ ಇಟ್ಟುಕೊಂಡು ಕಾದವರು, ಫೋಟೋ ಇಲ್ಲದೆ ಕಾದವರು

ನಮ್ಮ ಶಾಲೆಯ ಚರಿತ್ರೆ ಪುಸ್ತಕದಲ್ಲಿ ದತ್ತು ಮಕ್ಕಳು ಬರ್ತಾರೆ. ಆದರೆ ಅರಮನೆಯಲ್ಲಿ ಮಾತ್ರ ಬರ್ತಾರೆ. 1824ರಲ್ಲಿ ಕಿತ್ತೂರಿನ ದೊರೆ ತೀರಿಕೊಂಡ. ದತ್ತು ಮಗನಿಗೆ ಪಟ್ಟ ಕಟ್ಟೋದನ್ನು ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿದಳು, ಥ್ಯಾಕರೆ ಕಿತ್ತೂರಿನಲ್ಲೇ ಸತ್ತ. 1853ರಲ್ಲಿ ಝಾನ್ಸಿಯ ದೊರೆ ಸತ್ತಾಗಲೂ ಇದೇ ಕತೆ. ದತ್ತು ಮಗನನ್ನು ಡಾಲ್‌ಹೌಸಿ ಒಪ್ಪಲಿಲ್ಲ, ಮರುವರ್ಷ ರಾಜ್ಯವನ್ನೇ ನುಂಗಿದ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತಗೊಂಡರು. 1881ರಲ್ಲಿ ಆ ದತ್ತು ಮಗನ ಕೈಗೆ ರಾಜ್ಯ ವಾಪಸ್ ಬಂತು.

ಮೇಷ್ಟ್ರು ಪಾಠ ಮಾಡಿದರು, ನಾವು ಇಸವಿಗಳನ್ನು ಉರು ಹೊಡೆದು ಪರೀಕ್ಷೆ ಬರೆದೆವು. ಆ ಮಕ್ಕಳನ್ನು ಹಡೆದವರು ಯಾರು, ಕೂಸನ್ನು ಕೊಡುವಾಗ ಅವರಿಗೆ ಏನನ್ನಿಸಿತು ಅಂತ ಪುಸ್ತಕ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆಗಿನ ದತ್ತಕ ಶಾಸ್ತ್ರದ ಪ್ರಕಾರ ಮಗು ಗಂಡೇ ಆಗಿರಬೇಕು, ಸ್ವಂತ ಜಾತಿಯದ್ದೇ ಆಗಿರಬೇಕು. ಯಾಕೆ ಬೇಕು ಅಂದರೆ ಸತ್ತ ಮೇಲೆ ಪಿಂಡ ಇಡೋಕೆ, ಇದ್ದ ಆಸ್ತಿ ಮನೆತನದಲ್ಲೇ ಉಳಿಸೋಕೆ. ಉಳಿಸೋಕೆ ಆಸ್ತಿಯೇ ಇಲ್ಲದ ನಮ್ಮ ಹಟ್ಟಿಗೆ ಈ ಶಾಸ್ತ್ರದ ಗೊಡವೆ ಇರಲಿಲ್ಲ. ಆದರೂ ನಮ್ಮಲ್ಲಿ ಸಾಕುಮಕ್ಕಳು ಇದ್ದರು. ಪ್ಲೇಗಿನಲ್ಲಿ ಅಕ್ಕ ಸತ್ತರೆ ತಂಗಿ ಅಕ್ಕನ ಕೂಸಿಗೂ ಮೊಲೆ ಕೊಟ್ಟಳು. ಬರಗಾಲದಲ್ಲಿ ಗುಳೆ ಹೋದವರ ಮಗು ಅಜ್ಜಿಯ ಸೆರಗಿನಲ್ಲಿ ಬೆಳೆಯಿತು. ಹೋಮ ಇಲ್ಲ, ಕಾಗದ ಇಲ್ಲ. ಆದರೆ ಆ ಮಗುವಿಗೆ ತನ್ನನ್ನು ಹಡೆದವಳು ಯಾರು ಅಂತ ಗೊತ್ತಿರುತ್ತಿತ್ತು. ಊರಿಗೂ ಗೊತ್ತಿರುತ್ತಿತ್ತು.

ಈ ಶಾಸ್ತ್ರಕ್ಕೆ ಕೈ ಹಾಕಿದವರು ಬಾಬಾಸಾಹೇಬರು. ಹಿಂದೂ ಕೋಡ್ ಬಿಲ್ಲಿನಲ್ಲಿ ಮದುವೆಗೂ ದತ್ತಿಗೂ ಜಾತಿಯ ಕಟ್ಟು ಇರಬಾರದು ಅಂತ ಅವರು ಬರೆದರು. ಬಿಲ್ಲನ್ನು ಸನಾತನಿಗಳು ಎಳೆದಾಡಿದರು. 1951ರಲ್ಲಿ ಅಂಬೇಡ್ಕರ್ ಮಂತ್ರಿ ಪದವಿ ಬಿಟ್ಟು ಹೊರಗೆ ಬಂದರು. ಮುಂದೆ ಅದೇ ಬಿಲ್ಲು ತುಂಡು ತುಂಡಾಗಿ ಕಾನೂನಾಯಿತು. ದತ್ತಿನ ತುಂಡು ಜಾರಿಗೆ ಬಂದದ್ದು 1956ರ ಡಿಸೆಂಬರ್ 21ರಂದು. ಬಾಬಾಸಾಹೇಬರು ತೀರಿಕೊಂಡು ಅಂದಿಗೆ ಹದಿನೈದು ದಿನ. ಆ ಕಾನೂನಿನಲ್ಲಿ ಹೆಣ್ಣು ಮಗುವನ್ನೂ ದತ್ತು ತಗೋಬಹುದು, ಹೆಂಗಸೂ ದತ್ತು ತಗೋಬಹುದು, ಒಂದೇ ಜಾತಿ ಆಗಿರಬೇಕು ಅನ್ನೋ ಕಟ್ಟಳೆ ಇಲ್ಲ. ಕಾನೂನು ಬದಲಾಯಿತು, ಮನೆಗಳು ಬದಲಾಗಲಿಲ್ಲ. ಬಣ್ಣ ಕಪ್ಪು ಅಂತ, ಹೆಣ್ಣು ಅಂತ, ಯಾವ ಜಾತಿಯ ರಕ್ತವೋ ಅಂತ ಬಿಟ್ಟ ಮಕ್ಕಳು ಅನಾಥಾಲಯದಲ್ಲೇ ಉಳಿದವು. ಆ ಮಕ್ಕಳಿಗಾಗಿ ಸಮುದ್ರದ ಆಚೆ ಯಾರೋ ಕಾಯುತ್ತಾ ಕೂತಿದ್ದರು.

ನಾವು ಇಲ್ಲಿ ಬರೆಯುತ್ತಿರೋದು ಆ ಕಾಯುವಿಕೆಯ ಚರಿತ್ರೆ. ಅದರ ಮಗ್ಗುಲಲ್ಲೇ ಇನ್ನೊಂದು ಕಾಯುವಿಕೆ ಇದೆ. ಅದನ್ನು ಯಾರೂ ಬರೆದಿಟ್ಟಿಲ್ಲ.

*

ಹೊರದೇಶಕ್ಕೆ ದತ್ತು ಕೊಡೋದು ದೊಡ್ಡದಾಗಿ ಶುರುವಾದದ್ದು ಯುದ್ಧದಿಂದ. 1950ರಿಂದ 1953ರವರೆಗೆ ಕೊರಿಯಾದಲ್ಲಿ ಯುದ್ಧ ನಡೆಯಿತು. ಊರುಗಳು ಸುಟ್ಟವು, ಮಕ್ಕಳು ತಬ್ಬಲಿಯಾದರು. ಅಮೆರಿಕದ ಸೈನಿಕರಿಗೂ ಕೊರಿಯಾದ ಹೆಂಗಸರಿಗೂ ಹುಟ್ಟಿದ ಮಕ್ಕಳನ್ನು ಅಲ್ಲಿನ ಸಮಾಜ ಹತ್ತಿರ ಸೇರಿಸಲಿಲ್ಲ. 1955ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಹ್ಯಾರಿ ಹೋಲ್ಟ್ ಮತ್ತು ಬರ್ಥಾ ಹೋಲ್ಟ್ ಎಂಬ ದಂಪತಿ ಕೊರಿಯಾದಿಂದ ಎಂಟು ಮಕ್ಕಳನ್ನು ತಮ್ಮ ಮನೆಗೆ ತಂದರು. ಅಷ್ಟು ಮಕ್ಕಳನ್ನು ತರೋಕೆ ಆಗಿನ ಕಾನೂನು ಬಿಡುತ್ತಿರಲಿಲ್ಲ. ಅವರಿಗೋಸ್ಕರ ಅಮೆರಿಕದ ಸಂಸತ್ತು ಬೇರೆ ಕಾನೂನನ್ನೇ ಮಾಡಿಕೊಟ್ಟಿತು. ಪತ್ರಿಕೆಗಳಲ್ಲಿ ಆ ಸುದ್ದಿ ಓದಿದ ಎಷ್ಟೋ ಮನೆಗಳು ನಮಗೂ ಒಂದು ಮಗು ಬೇಕು ಅಂದವು. ಹೋಲ್ಟ್ ದಂಪತಿ ಅದಕ್ಕೊಂದು ಸಂಸ್ಥೆ ಕಟ್ಟಿದರು.

ಅಲ್ಲಿಂದ ಈ ಕಾಯುವಿಕೆಗೆ ಒಂದು ರೀತಿ ನೀತಿ ಬಂತು. ಮೊದಲು ಅರ್ಜಿ. ಆಮೇಲೆ ಮನೆಗೆ ಬಂದು ಸಂಬಳ ಎಷ್ಟು, ಆರೋಗ್ಯ ಹೇಗೆ, ಗಂಡ ಹೆಂಡಿರು ಹೇಗಿದ್ದಾರೆ ಅಂತ ವಿಚಾರಿಸೋರು. ಆಮೇಲೆ ಶುಲ್ಕ. ಒಂದು ದಿನ ಅಂಚೆಯಲ್ಲಿ ಫೋಟೋ ಬರುತ್ತೆ, ಇದು ನಿಮ್ಮ ಮಗು ಅಂತ. ಆ ಫೋಟೋವನ್ನು ಗೋಡೆಗೆ ಅಂಟಿಸಿಕೊಂಡು ಅವರು ಕಾಯ್ತಾರೆ. ತೊಟ್ಟಿಲು ತರ್ತಾರೆ, ಹೆಸರು ಇಡ್ತಾರೆ. ಕೋರ್ಟಿನ ಆದೇಶಕ್ಕೆ ಆರು ತಿಂಗಳು, ಪಾಸ್‌ಪೋರ್ಟಿಗೆ ಇನ್ನಷ್ಟು, ವೀಸಾಕ್ಕೆ ಮತ್ತಷ್ಟು. ಫೋಟೋದಲ್ಲಿನ ಮಗು ಫೋಟೋದಲ್ಲೇ ಇರುತ್ತೆ, ನಿಜವಾದ ಮಗು ಎಲ್ಲೋ ನಡೆಯೋಕೆ ಕಲಿತಿರುತ್ತೆ. ಇದು ಸಂಕಟವೇ. ಇದನ್ನು ನಾವು ಆಡಿಕೊಳ್ಳೋದಿಲ್ಲ. ಮಗುವಿಗಾಗಿ ಹಂಬಲಿಸೋದು ಯಾವ ದೇಶದಲ್ಲಾದರೂ ಹಂಬಲವೇ.

ಆದರೆ ಯುದ್ಧ ಮುಗಿದು ಹತ್ತು ವರ್ಷ ಆಯಿತು, ಇಪ್ಪತ್ತು ವರ್ಷ ಆಯಿತು, ಕೊರಿಯಾದಿಂದ ಮಕ್ಕಳು ಹೋಗೋದು ನಿಲ್ಲಲಿಲ್ಲ, ಹೆಚ್ಚಾಯಿತು. 1985ರ ಒಂದೇ ವರ್ಷ 8,800ಕ್ಕೂ ಹೆಚ್ಚು ಮಕ್ಕಳು ಹೋದರು. ಆಗ ಅಲ್ಲಿ ಯಾವ ಯುದ್ಧ ಇತ್ತು? ಇದ್ದದ್ದು ಬಡವರು, ಮದುವೆಯಾಗದೆ ತಾಯಿಯಾದವರು, ಅವರಿಗೆ ಒಂದು ತುತ್ತು ಕೊಡದ ಸರ್ಕಾರ. ಒಟ್ಟು ಸುಮಾರು ಎರಡು ಲಕ್ಷ ಮಕ್ಕಳು ಆ ಸಣ್ಣ ದೇಶದಿಂದ ಹೊರಗೆ ಹೋದರು. ದೊಡ್ಡವರಾದ ಮೇಲೆ ಅವರಲ್ಲೇ ಕೆಲವರು ವಾಪಸ್ ಬಂದು ಫೈಲು ತೆಗೆಸಿ ನೋಡಿದರು. ಅನಾಥ ಅಂತ ಬರೆದಿದ್ದ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇದ್ದರು. ಹೊರಗೆ ಕಳಿಸೋಕೆ ಸುಲಭವಾಗಲಿ ಅಂತ ಕಾಗದದ ಮೇಲೆ ಅನಾಥರನ್ನು ಸೃಷ್ಟಿ ಮಾಡಿದ್ದರು. 367 ಮಂದಿ ಅಲ್ಲಿನ ಸತ್ಯಶೋಧನಾ ಆಯೋಗಕ್ಕೆ ದೂರು ಕೊಟ್ಟರು. 2025ರ ಮಾರ್ಚಿನಲ್ಲಿ ಆ ಆಯೋಗ, ಸರ್ಕಾರವೇ ಮಾನವ ಹಕ್ಕುಗಳನ್ನು ಮೀರಿದೆ ಅಂತ ಹೇಳಿತು. ಮೊದಲ ಕಂತಿನಲ್ಲಿ 56 ಮಂದಿಯನ್ನು ಅನ್ಯಾಯಕ್ಕೆ ಒಳಗಾದವರು ಅಂತ ಗುರುತಿಸಿತು. ಇಷ್ಟು ಹೇಳಿಸಿಕೊಳ್ಳೋಕೆ ಅವರಿಗೆ ಅರ್ಧ ಶತಮಾನ ಹಿಡಿಯಿತು.

ವಿಯೆಟ್ನಾಮಿನದೂ ಹಾಗೇ. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬೀಳುವ ಮುಂಚೆ ಅಮೆರಿಕ ವಿಮಾನಗಳಲ್ಲಿ ಮಕ್ಕಳನ್ನು ತುಂಬಿಕೊಂಡು ಹೊರಟಿತು. ಏಪ್ರಿಲ್ 4ರಂದು ಹೊರಟ ಮೊದಲ ದೊಡ್ಡ ವಿಮಾನ ಬಿದ್ದು 78 ಮಕ್ಕಳು ಸತ್ತರು. ಆದರೂ ಎರಡೂವರೆ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಗಿಸಿದರು. ಇವರೆಲ್ಲ ನಿಜವಾಗಿ ಅನಾಥರೇ ಅಂತ ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಕೋರ್ಟಿನಲ್ಲಿ ಕೇಸು ಬಿತ್ತು. ಮಕ್ಕಳ ತಲೆಯ ಮೇಲೆ ಬಾಂಬು ಹಾಕಿದ ದೇಶವೇ ಆ ಮಕ್ಕಳನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡಿತು.

*

ಇದು ದೂರದ ಕತೆ ಅಂತ ಗೆಳೆಯರು ಅನ್ನಬಹುದು. ಆದರೆ ಕೊರಿಯಾದಲ್ಲಿ ತಯಾರಾದ ಆ ಅನಾಥ ಅನ್ನೋ ಕಾಗದ ನಮ್ಮ ಪಕ್ಕದ ತಾಂಡಾಕ್ಕೂ ಬಂತು. ಹೇಗೆ ಬಂತು ಅಂತ ನೋಡೋಣ.

1956ರ ಕಾನೂನು ಹಿಂದೂಗಳಿಗೆ ಮಾತ್ರ. ಹೊರದೇಶದವರು ಅದರಡಿ ದತ್ತು ತಗೊಳ್ಳೋ ಹಾಗಿರಲಿಲ್ಲ. ಹಾಗಾಗಿ ಅವರು ಬ್ರಿಟಿಷರ ಕಾಲದ 1890ರ ಪೋಷಕರ ಕಾನೂನನ್ನು ಹಿಡಿದುಕೊಂಡರು. ಜಿಲ್ಲಾ ಕೋರ್ಟಿನಲ್ಲಿ ಮಗುವಿನ ಪೋಷಕರು ಅಂತ ಆದೇಶ ಪಡೆಯೋದು, ಮಗುವನ್ನು ತಮ್ಮ ದೇಶಕ್ಕೆ ಕರೆದುಕೊಂಡು ಹೋಗಿ ಅಲ್ಲಿ ದತ್ತು ಮಾಡಿಕೊಳ್ಳೋದು. ಎಲ್ಲ ಧರ್ಮದವರಿಗೂ ಒಂದೇ ದತ್ತು ಕಾನೂನು ತರಬೇಕು ಅಂತ 1972ರಲ್ಲಿ ಒಂದು ಬಿಲ್ಲು, 1980ರಲ್ಲಿ ಇನ್ನೊಂದು ಬಿಲ್ಲು ಸಂಸತ್ತಿಗೆ ಬಂದವು. ಎರಡೂ ಬಿದ್ದುಹೋದವು. ಕಾನೂನು ಇಲ್ಲದ ಆ ಸಂದಿಯಲ್ಲಿ ದಲ್ಲಾಳಿಗಳು ನುಗ್ಗಿದರು.

1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಹೊರದೇಶಕ್ಕೆ ದತ್ತು ಕೊಡೋ ಹೆಸರಿನಲ್ಲಿ ನಮ್ಮ ಮಕ್ಕಳ ಮೇಲೆ ಅನ್ಯಾಯ ಆಗ್ತಾ ಇದೆ, ತಡೀಬೇಕು ಅಂತ. ಕೋರ್ಟು ಆ ಕಾಗದವನ್ನೇ ಅರ್ಜಿ ಅಂತ ತಗೊಂಡಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತೀರ್ಪು ಕೊಟ್ಟರು. ಮಗುವಿಗೆ ಮೊದಲು ಈ ದೇಶದಲ್ಲೇ ಮನೆ ಹುಡುಕಬೇಕು. ಸಿಗದಿದ್ದರೆ ಮಾತ್ರ ಹೊರಗೆ. ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕವೇ ನಡೆಯಬೇಕು. ಹಡೆದವಳಿಗೆ ಆಸೆ ತೋರಿಸಬಾರದು, ಒತ್ತಾಯ ಮಾಡಬಾರದು. ಕೂಸು ಹುಟ್ಟುವ ಮೊದಲಾಗಲಿ, ಹುಟ್ಟಿ ಮೂರು ತಿಂಗಳೊಳಗಾಗಲಿ ಅವಳಿಂದ ತೀರ್ಮಾನ ಬರೆಸಿಕೊಳ್ಳಬಾರದು. ಬಾಣಂತಿಯ ಸಂಕಟ ಕೋರ್ಟಿನ ಕಾಗದದಲ್ಲಿ ಬಂದದ್ದು ಸಣ್ಣ ಮಾತಲ್ಲ. 1990ರಲ್ಲಿ ಕೇಂದ್ರ ಸರ್ಕಾರ ಇದನ್ನು ನೋಡಿಕೊಳ್ಳೋಕೆ ಕಾರಾ ಅನ್ನೋ ಸಂಸ್ಥೆ ಮಾಡಿತು. 1993ರಲ್ಲಿ ಹೇಗ್ ಪಟ್ಟಣದಲ್ಲಿ ದೇಶ ದೇಶಗಳು ಸೇರಿ ಒಂದು ಒಪ್ಪಂದ ಬರೆದವು, 2003ರಲ್ಲಿ ಭಾರತವೂ ಒಪ್ಪಿತು.

ದಿಲ್ಲಿಯಲ್ಲಿ ಕಾನೂನು ಹೀಗೆ ಒಂದೊಂದೇ ಕಲ್ಲು ಇಟ್ಟು ಗೋಡೆ ಕಟ್ಟುತ್ತಿತ್ತು. ತಾಂಡಾದಲ್ಲಿ ನಡೀತಿದ್ದದ್ದೇ ಬೇರೆ.

*

ನಲ್ಗೊಂಡ ಜಿಲ್ಲೆಯ ದೇವರಕೊಂಡದ ಸುತ್ತ, ತಾಂಡೂರಿನ ಸುತ್ತ ಲಂಬಾಣಿ ತಾಂಡಾಗಳಿವೆ. ಆಗ ಆಂಧ್ರ, ಈಗ ತೆಲಂಗಾಣ. ತಾಂಡೂರಿನಿಂದ ನಮ್ಮ ಕಲಬುರಗಿ ಜಿಲ್ಲೆಯ ಗಡಿ ದೂರ ಇಲ್ಲ. ಗಡಿಯ ಆಚೆ ಅವರು ಪರಿಶಿಷ್ಟ ಪಂಗಡ, ಈಚೆ ಅದೇ ಜನ ಪರಿಶಿಷ್ಟ ಜಾತಿ. ಆಚೆಗೂ ಈಚೆಗೂ ತಾಯಿಗೆ ಯಾಡಿ ಅಂತಾರೆ. ಆಚೆಗೂ ಈಚೆಗೂ ನೆಲ ಒಣಗಿದೆ, ಸುಗ್ಗಿ ಮುಗಿದರೆ ಗುಳೆ.

ಲಂಬಾಣಿಗರಲ್ಲಿ ಹಿಂದೆ ಹುಡುಗಿಗೆ ತೆರ ಕೊಟ್ಟು ತರುತ್ತಿದ್ದರು. ಹೆಣ್ಣು ಹುಟ್ಟಿದರೆ ಮನೆಗೆ ನಷ್ಟ ಅನ್ನೋ ಮಾತು ಇರಲಿಲ್ಲ. ಊರವರ ಪದ್ಧತಿ ತಾಂಡಾಕ್ಕೆ ನುಗ್ಗಿತು. ತೆರ ಹೋಯಿತು, ವರದಕ್ಷಿಣೆ ಬಂತು. ಮೇಲ್ಜಾತಿಗಳಿಂದ ನಮಗೆ ಬಂದ ವರಗಳಲ್ಲಿ ಇದೂ ಒಂದು! ಒಂದು ಹೆಣ್ಣಾದರೆ ಸಾಲ, ಎರಡಾದರೆ ಹೊಲ ಅಡ, ಮೂರನೆಯದು ಹುಟ್ಟಿದರೆ ಮನೆಯಲ್ಲಿ ಮಾತೇ ನಿಂತುಹೋಗುತ್ತೆ. ಆ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ದಲ್ಲಾಳಿ ಬರ್ತಾನೆ. ಪರದೇಶದವನಲ್ಲ, ಪರಿಚಯದವನೇ. ಕೂಸು ಚೆನ್ನಾಗಿರುತ್ತೆ, ಓದುತ್ತೆ, ನಿಮ್ಮ ಕಷ್ಟಕ್ಕೂ ಏನೋ ಸಿಗುತ್ತೆ ಅಂತಾನೆ. ಸಿಗುತ್ತಿದ್ದದ್ದು ಕೆಲವು ನೂರು, ಹೆಚ್ಚೆಂದರೆ ಒಂದೆರಡು ಸಾವಿರ ರೂಪಾಯಿ. ಅದೇ ಮಗುವಿಗಾಗಿ ಸಮುದ್ರದ ಆಚೆಯ ಮನೆ ಕೊಡುತ್ತಿದ್ದದ್ದು ಸಾವಿರಾರು ಡಾಲರು. ನಡುವಿನ ದುಡ್ಡು ಎಲ್ಲಿ ಹೋಯಿತು ಅಂತ ಲೆಕ್ಕ ಹಾಕೋಕೆ ಕಾಲೇಜು ಓದಬೇಕಾಗಿಲ್ಲ.

ಆಮೇಲೆ ಕಾಗದ. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾಗದ, ಕೆಳಗೆ ಯಾಡಿಯ ಹೆಬ್ಬೆಟ್ಟು. ಕೆಲವು ಕಾಗದಗಳಲ್ಲಿ ಯಾಡಿಯ ಹೆಸರೇ ಸುಳ್ಳು, ಊರೇ ಸುಳ್ಳು. ಹೆಬ್ಬೆಟ್ಟಿನ ಚರಿತ್ರೆ ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರು ಜೀತಕ್ಕೆ ಹೆಬ್ಬೆಟ್ಟು ಒತ್ತಿದರು, ಸಾಲಕ್ಕೆ ಒತ್ತಿದರು, ದರಖಾಸ್ತು ಜಮೀನನ್ನು ಗೌಡನಿಗೆ ಬರೆದುಕೊಟ್ಟು ಒತ್ತಿದರು. ಇಲ್ಲಿ ಒತ್ತಿಸಿಕೊಂಡದ್ದು ಹೊಟ್ಟೆಯ ಮಗುವಿನ ಮೇಲೆ. ಮುಂದಿನದ್ದಕ್ಕೆಲ್ಲ ಆ ಶಾಯಿಯ ಗುರುತೇ ಆಧಾರ. ಕೋರ್ಟಿನ ಆದೇಶ, ಪಾಸ್‌ಪೋರ್ಟು, ವೀಸಾ ಎಲ್ಲವೂ ಅದರ ಮೇಲೆ ನಿಂತಿರುತ್ತೆ.

1999ರಲ್ಲಿ ಪೊಲೀಸರು ಈ ವ್ಯಾಪಾರವನ್ನು ಹಿಡಿದರು. 2001ರಲ್ಲಿ ಮತ್ತೆ ಹಿಡಿದರು. ಸಂಸ್ಥೆಗಳಲ್ಲಿದ್ದ ಕೂಸುಗಳನ್ನು ಹೈದರಾಬಾದಿನ ಸರ್ಕಾರಿ ಶಿಶುವಿಹಾರಕ್ಕೆ ಸಾಗಿಸಿದರು. 2001ರಲ್ಲಿ ಆಂಧ್ರ ಸರ್ಕಾರ ಬಡತನದ ಕಾರಣಕ್ಕೆ ಮಗುವನ್ನು ಬಿಟ್ಟುಕೊಡೋದನ್ನೇ ನಿಷೇಧ ಮಾಡಿತು. ಬಡತನವನ್ನು ನಿಷೇಧ ಮಾಡೋಕೆ ಅದಕ್ಕೆ ಆಗಲಿಲ್ಲ, ಹೋಗಲಿ. ಆ ಕೂಸುಗಳಲ್ಲಿ ಕೆಲವರ ಫೋಟೋಗಳು ಅಷ್ಟು ಹೊತ್ತಿಗೆ ಅಮೆರಿಕದ ಮನೆಗಳಿಗೆ ಹೋಗಿದ್ದವು. ತೊಟ್ಟಿಲು ಬಂದಿತ್ತು, ಹೆಸರು ಇಟ್ಟಾಗಿತ್ತು. ಆ ಮನೆಯವರು ಅರ್ಜಿ ಹಾಕಿದರು, ವಕೀಲರನ್ನಿಟ್ಟರು, ವರ್ಷಗಟ್ಟಲೆ ಕಾದರು. ಅವರ ಕಾಯುವಿಕೆ ಪತ್ರಿಕೆಗಳಲ್ಲಿ ಬಂತು, ಕೋರ್ಟಿನ ಫೈಲಿನಲ್ಲಿ ಬಂತು. ಅವರಲ್ಲಿ ಹೆಚ್ಚಿನವರು ಮೋಸ ಮಾಡಿದವರಲ್ಲ, ಮೋಸಹೋದವರು.

ಇನ್ನು ಯಾಡಿ? ಕೊಟ್ಟವಳು ಅಂತ ಅವಳನ್ನು ಬೈದರು. ಮಾರಿಕೊಂಡವಳು ಅಂತ ಬರೆದರು. ತಾಂಡಾದಲ್ಲಿ ಅವಳು ಎಷ್ಟು ವರ್ಷ ಬಾಗಿಲ ಕಡೆ ನೋಡಿದಳು, ಪಕ್ಕದ ಮನೆಯ ಹುಡುಗಿ ದೊಡ್ಡವಳಾದಾಗ ನನ್ನ ಕೂಸೂ ಇಷ್ಟೇ ಆಗಿರುತ್ತೆ ಅಂತ ಎಷ್ಟು ಸಲ ಎಣಿಸಿದಳು ಅಂತ ಯಾವ ಫೈಲಿನಲ್ಲೂ ಇಲ್ಲ. ಅವಳ ಹತ್ತಿರ ಕೂಸಿನ ಫೋಟೋ ಇಲ್ಲ. ಮಹಾಭಾರತದಲ್ಲಿ ಕುಂತಿಯೂ ಕೂಸನ್ನು ಹೊಳೆಗೆ ಬಿಟ್ಟಳು. ರಾಣಿಯಾಗಿದ್ದಕ್ಕೆ ಅವಳ ಸಂಕಟವನ್ನು ಕವಿಗಳು ಹಾಡಿದರು, ಇವತ್ತಿಗೂ ನಾವು ಆಟ ಆಡುತ್ತೇವೆ, ನೋಡಿ ಅಳುತ್ತೇವೆ. ತಾಂಡಾದ ಯಾಡಿಗೆ ಬಯಲಾಟ ಇಲ್ಲ.

*

ಅದೇ ಆಂಧ್ರದಿಂದ 1998ರಲ್ಲಿ ಇಬ್ಬರು ಅಕ್ಕತಂಗಿಯರು ಅಮೆರಿಕದ ಅಲಬಾಮಾ ರಾಜ್ಯದ ಒಂದು ಮನೆಗೆ ದತ್ತು ಹೋದರು. ಸ್ವಲ್ಪ ದೊಡ್ಡ ಹುಡುಗಿಯರು. ಮಾತು ಬಂದ ಮೇಲೆ ಅವರು ಹೇಳಿದ್ದು, ನಮ್ಮ ಅಮ್ಮ ನಮ್ಮನ್ನು ಕೊಟ್ಟಿಲ್ಲ ಅಂತ. ದತ್ತು ತಗೊಂಡ ತಂದೆ ಡೇವಿಡ್ ಸ್ಮೋಲಿನ್ ಕಾನೂನಿನ ಪ್ರಾಧ್ಯಾಪಕ. ಅವರೂ ಅವರ ಹೆಂಡತಿಯೂ ಆ ಮಾತನ್ನು ತಳ್ಳಿಹಾಕಲಿಲ್ಲ. ವರ್ಷಗಟ್ಟಲೆ ಹುಡುಕಿಸಿ ಹೆತ್ತ ತಾಯಿಯನ್ನು ಪತ್ತೆ ಮಾಡಿಸಿದರು. ಆ ಬಡತಾಯಿ ಮಕ್ಕಳನ್ನು ಹಾಸ್ಟೆಲ್ಲಿಗೆ ಬಿಟ್ಟ ಹಾಗೆ ಬಿಟ್ಟಿದ್ದಳು. ಉಂಡುಕೊಂಡು ಓದಿಕೊಂಡು ಇರಲಿ, ಕಷ್ಟ ಕಳೆದ ಮೇಲೆ ಕರೆತರೋಣ ಅಂತ. ಅವಳು ಕರೆಯೋಕೆ ಹೋಗುವ ಹೊತ್ತಿಗೆ ಮಕ್ಕಳು ಅವಳದ್ದಾಗಿ ಉಳಿದಿರಲಿಲ್ಲ. ಆಮೇಲೆ ಸ್ಮೋಲಿನ್ ಈ ವ್ಯವಸ್ಥೆಯ ಮೇಲೆ ಲೇಖನದ ಮೇಲೆ ಲೇಖನ ಬರೆದರು. ಕಪ್ಪುಹಣವನ್ನು ಬಿಳಿ ಮಾಡಿದ ಹಾಗೆ, ಕದ್ದ ಮಗುವನ್ನು ಕಾಗದದಲ್ಲಿ ತೊಳೆದು ಅನಾಥ ಮಾಡೋದು ಅಂತ ಇದಕ್ಕೆ ಹೆಸರು ಕೊಟ್ಟರು.

ಹಾಸ್ಟೆಲ್ ಅನ್ನೋ ಮಾತು ಕೇಳಿ ನಮ್ಮ ಎದೆ ಧಸಕ್ಕಂತು. ನಾವೂ ಹಾಸ್ಟೆಲ್ಲಿನ ಅನ್ನ ಉಂಡವರೇ. ನಮ್ಮ ಅಪ್ಪ ಟ್ರಂಕು ಹೊತ್ತುಕೊಂಡು ಬಂದು, ವಾರ್ಡನ್ ಹೇಳಿದ ಕಡೆ ಹೆಬ್ಬೆಟ್ಟು ಒತ್ತಿ, ಚೆನ್ನಾಗಿ ಓದಪ್ಪ ಅಂತ ಹೇಳಿ ಹೋದ. ಆ ಕಾಗದದಲ್ಲಿ ಏನಿತ್ತು ಅಂತ ಅವನಿಗೆ ಗೊತ್ತಿರಲಿಲ್ಲ. ಅದು ಹಾಸ್ಟೆಲ್ಲಿನ ಕಾಗದವೇ ಆಗಿದ್ದದ್ದು ನಮ್ಮ ಅದೃಷ್ಟ. ಓದಿಸ್ತೀವಿ ಅಂದರೆ ನಮ್ಮವರು ಮಗುವನ್ನು ಕೈಗೆ ಕೊಡ್ತಾರೆ. ಆ ನಂಬಿಕೆಯೇ ದಲ್ಲಾಳಿಯ ಬಂಡವಾಳ.

ಚೆನ್ನೈನಲ್ಲಿ ಹೆಬ್ಬೆಟ್ಟೂ ಬೇಕಾಗಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲಿನ ಕೊಳೆಗೇರಿಗಳಿಂದ ಮಕ್ಕಳನ್ನು ಕದ್ದರು. ಒಂದು ಸಂಸ್ಥೆ ಆ ಮಕ್ಕಳಿಗೆ ಬೇರೆ ಹೆಸರು, ಬೇರೆ ತಾಯಿ ಕೊಟ್ಟು ಹೊರದೇಶಕ್ಕೆ ಕಳಿಸಿತು. 2005ರಲ್ಲಿ ಪೊಲೀಸರು ಹಿಡಿದಾಗ ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಅಮೆರಿಕದವರೆಗೆ ಜಾಡು ಹೋಯಿತು. ಅಲ್ಲಿಯವರೆಗೆ ಆ ತಾಯಿ ತಂದೆಯರು ಕಾದದ್ದು ಪೊಲೀಸ್ ಠಾಣೆಯ ಮುಂದೆ. ಮಗುವಿನ ಫೋಟೋ ಇದೆಯಾ ಅಂತ ಮೊದಲ ಪ್ರಶ್ನೆ. ಕೊಳೆಗೇರಿಯ ಕೂಸಿಗೆ ಫೋಟೋ ಎಲ್ಲಿಂದ ಬರಬೇಕು?

*

ಇಷ್ಟು ಬರೆದ ಮೇಲೆ ನಮ್ಮೊಳಗೇ ಒಂದು ವಾದ ಎದ್ದಿತು. ಹಾಗಾದರೆ ಹೊರದೇಶದ ದತ್ತೇ ಬೇಡವಾ? ನಮ್ಮಲ್ಲಿ ಕೆಲವರು ಬೇಡ ಅಂದರು. ಇನ್ನು ಕೆಲವರು ಕೇಳಿದರು: ಕಾಲಿಲ್ಲದ ಮಗು, ಕಣ್ಣು ಕಾಣದ ಮಗು, ಎಂಟು ಹತ್ತು ವರ್ಷ ದಾಟಿದ ಮಗು, ಯಾರೂ ಇಲ್ಲದ ಮಗು, ಇವರನ್ನು ನಮ್ಮ ಮನೆಗಳು ತಗೊಂಡಿವೆಯಾ? ಇಲ್ಲ. ಇಲ್ಲಿ ಯಾರೂ ಬೇಡ ಅಂದ ಅಂಥ ಮಕ್ಕಳಿಗೆ ಎಷ್ಟೋ ಸಲ ಮನೆ ಸಿಕ್ಕಿದ್ದು ಸಮುದ್ರದ ಆಚೆ. ಅಂಥ ಮಗು ಅನಾಥಾಲಯದ ಕಿಟಕಿಯಲ್ಲಿ ಕೂತು ಕಾಯೋದೂ ಕಾಯುವಿಕೆಯೇ. ದೇಶದ ಮಾನ ಅನ್ನೋ ಮಾತನ್ನು ಆ ಮಗುವಿನ ಮುಂದೆ ಆಡೋಕೆ ನಮಗೆ ನಾಲಗೆ ಬರೋದಿಲ್ಲ. ಜಾತಿ ನೋಡಿ ಬಣ್ಣ ನೋಡಿ ಮಗುವನ್ನು ಬಿಟ್ಟವರಿಗೆ ದೇಶದ ಮಾನದ ಮಾತೂ ಸಲ್ಲದು.

ಈಗ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. 2018ರಲ್ಲಿ ಇಥಿಯೋಪಿಯಾ ಹೊರದೇಶಕ್ಕೆ ದತ್ತು ಕೊಡೋದನ್ನು ನಿಷೇಧಿಸಿತು. 1992ರಿಂದ 1,60,000ಕ್ಕೂ ಹೆಚ್ಚು ಮಕ್ಕಳನ್ನು ಕಳಿಸಿದ ಚೀನಾ 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಫೋಟೋ ಕೈಗೆ ಬಂದು ವರ್ಷಗಟ್ಟಲೆ ಕಾದಿದ್ದ ಮನೆಗಳಿಗೆ ಮಗು ಬರಲೇ ಇಲ್ಲ. ತಗೊಳ್ಳೋ ದೇಶಗಳೂ ಎಚ್ಚೆತ್ತಿವೆ. 2021ರಲ್ಲಿ ನೆದರ್ಲೆಂಡ್ಸಿನ ಒಂದು ಸಮಿತಿ ಹಳೆಯ ದತ್ತುಗಳ ಫೈಲು ತೆಗೆದು ನೋಡಿ, ಮೋಸ ನಡೆದಿದ್ದು ಸರ್ಕಾರಕ್ಕೆ ಗೊತ್ತಿದ್ದರೂ ಸುಮ್ಮನಿತ್ತು ಅಂತ ಹೇಳಿತು. 2004ರಲ್ಲಿ ಅಮೆರಿಕಕ್ಕೆ ಸುಮಾರು 23,000 ಮಕ್ಕಳು ಹೀಗೆ ಬಂದಿದ್ದರು. 2023ರಲ್ಲಿ ಬಂದವರು 1,300ಕ್ಕೂ ಕಡಿಮೆ.

ಇಲ್ಲಿಯೂ ಗಾಳಿ ತಿರುಗಿದೆ. 2024–25ರಲ್ಲಿ ಕಾರಾ ಮೂಲಕ ನಡೆದ ದತ್ತುಗಳು 4,515. ಅದರಲ್ಲಿ 4,155 ದೇಶದ ಒಳಗೇ. ಈಗ ಕಾಯುತ್ತಿರೋರು ನಮ್ಮ ಪಟ್ಟಣದ ಮಧ್ಯಮ ವರ್ಗದವರು. ಮೂವತ್ತು ಸಾವಿರಕ್ಕೂ ಹೆಚ್ಚು ಅರ್ಜಿಗಳು ಸಾಲಿನಲ್ಲಿವೆ, ಮೂರು ವರ್ಷಕ್ಕೂ ಹೆಚ್ಚು ಕಾಯಬೇಕು. ಸಾಲು ಉದ್ದ ಆದಷ್ಟೂ ದಲ್ಲಾಳಿಗೆ ಹಬ್ಬ. ಸಮುದ್ರದ ಆಚೆಯಿಂದ ಬಂದರೂ ಬೆಂಗಳೂರಿನಿಂದ ಬಂದರೂ ಅವನು ತಟ್ಟೋದು ನಮ್ಮ ಬಾಗಿಲನ್ನೇ.

ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ನಾವು ನೆನಪಿಡಬೇಕು. ಅವರ ಮಕ್ಕಳನ್ನೂ ಬಡತನದ ನೆಪ ಹೇಳಿ ಕಿತ್ತುಕೊಂಡು ಬಿಳಿಯರ ಮನೆಗಳಿಗೆ ದತ್ತು ಕೊಡುತ್ತಿದ್ದರು. ಆ ಜನ ಸಂಘಟಿತರಾದರು, ಹೋರಾಡಿದರು. 1978ರಲ್ಲಿ ಕಾನೂನು ಬಂತು. ಮಗು ಮೊದಲು ತನ್ನ ಬಂಧುಗಳ ಮನೆಗೆ, ಆಮೇಲೆ ತನ್ನ ಬುಡಕಟ್ಟಿನ ಮನೆಗೆ, ಆಮೇಲೆ ಬೇರೆ ಮೂಲನಿವಾಸಿಗಳ ಮನೆಗೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ತಾಂಡಾದ ಕೂಸಿಗೆ ಮೊದಲು ತಾಂಡಾದಲ್ಲೇ ಮನೆ ಹುಡುಕಿ ಅಂತ ನಾವು ಇನ್ನೂ ಕೇಳಿಯೇ ಇಲ್ಲ. ತೊಟ್ಟಿಲ ಖರ್ಚಿಗೆ ಸಿಗೋ ದುಡ್ಡಿನಲ್ಲಿ ಒಂದು ಪಾಲು ಹಡೆದವಳಿಗೇ ಸಿಕ್ಕರೆ ಎಷ್ಟು ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು ಅಂತಲೂ ಕೇಳಿಲ್ಲ.

*

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು, ಟೀಚರಮ್ಮಂದಿರು ಇದ್ದಾರೆ. ಅವರಿಗೆ ನಮ್ಮದೊಂದು ಮಾತು. ಕಾನೂನು ಈಗ ಏನು ಹೇಳುತ್ತೆ ಅಂತ ತಾಂಡಾದಲ್ಲಿ, ಕೇರಿಯಲ್ಲಿ ಓದಿ ಹೇಳಿ. 2015ರ ಬಾಲನ್ಯಾಯ ಕಾನೂನಿನ ಪ್ರಕಾರ ಮಗುವನ್ನು ಒಪ್ಪಿಸಬೇಕಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ಒಪ್ಪಿಸಬೇಕು. ದಲ್ಲಾಳಿಯ ಕೈಗೆ ಕೊಟ್ಟರೆ ಅದು ದತ್ತಲ್ಲ, ಅಪರಾಧ. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸೋಕೆ ತಾಯಿಗೆ ಅರವತ್ತು ದಿನ ಇದೆ. ಆ ಅರವತ್ತು ದಿನ ಇದೆ ಅಂತ ಅವಳಿಗೆ ಯಾರೂ ಹೇಳದಿದ್ದರೆ ಕಾನೂನು ಇದ್ದೂ ಇಲ್ಲದ ಹಾಗೆ. ಹುಟ್ಟಿದ ಕೂಸಿನ ಹೆಸರು, ತಾಯಿಯ ಹೆಸರು ಪಂಚಾಯ್ತಿಯ ಜನನ ಪುಸ್ತಕದಲ್ಲಿ ಬರೆಸಿ. ಹಾಜರಿ ಪುಸ್ತಕದಿಂದ ಒಂದು ಹೆಸರು ಮಾಯವಾದರೆ ಗುಳೆ ಹೋಗಿರಬೇಕು ಅಂತ ಗೀಟು ಎಳೆದು ಸುಮ್ಮನಾಗಬೇಡಿ. ಮನೆಗೆ ಹೋಗಿ ಕೇಳಿ.

ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಹೋದ ಮಕ್ಕಳು ಈಗ ದೊಡ್ಡವರಾಗಿ ವಾಪಸ್ ಬರ್ತಿದ್ದಾರೆ. ಸ್ವೀಡನ್ನಿನಿಂದ, ಸ್ವಿಟ್ಜರ್ಲೆಂಡಿನಿಂದ, ಜರ್ಮನಿಯಿಂದ. ಮೈಬಣ್ಣ ನಮ್ಮದು, ಮಾತು ಅಲ್ಲಿಯದು. ಕೈಯಲ್ಲಿ ಒಂದು ಹಳೆಯ ಫೋಟೋ, ಅದರ ಹಿಂದೆ ಒಂದು ಊರಿನ ಹೆಸರು, ಅದೂ ನಿಜವೋ ಸುಳ್ಳೋ. ಅವರು ಆಸ್ತಿ ಕೇಳೋಕೆ ಬಂದವರಲ್ಲ. ನನ್ನನ್ನು ಹಡೆದವಳು ನನ್ನನ್ನು ಬಿಟ್ಟಳಾ, ಇಲ್ಲ ಅವಳಿಂದ ಕಿತ್ತುಕೊಂಡರಾ ಅನ್ನೋ ಒಂದೇ ಪ್ರಶ್ನೆ ಅವರದ್ದು. ಅವರು ನಿಮ್ಮ ಊರಿಗೆ ಬಂದರೆ ಪರದೇಶದವರು ಅಂತ ದೂರ ನಿಂತು ನೋಡಬೇಡಿ. ಅವರ ಭಾಷೆ ನಿಮಗೆ ಅರ್ಧಂಬರ್ಧ ಬಂದರೂ ಸಾಕು, ಅವರ ಜೊತೆ ಹೋಗಿ ಹಳೆಯ ದಾಖಲೆ ತೆಗೆಸಿ, ಹಳಬರನ್ನು ಮಾತಾಡಿಸಿ.

ಹಾಗೆ ಮಾತಾಡಿಸುವಾಗ ತಾಂಡಾದ ಯಾವುದೋ ಮನೆಯ ಮುಂದೆ ಒಬ್ಬ ಮುದುಕಿ ಕೂತಿರಬಹುದು. ಅವಳ ಹೆಸರು ಕೇಳಿ. ಪೂರ್ತಿ ಹೆಸರು ಕೇಳಿ, ಕೂಸು ಹುಟ್ಟಿದ್ದು ಯಾವ ಸುಗ್ಗಿಯಲ್ಲಿ ಅಂತ ಕೇಳಿ, ಅವಳ ಮಾತಿನಲ್ಲೇ ಬರೆದುಕೊಳ್ಳಿ. ಚರಿತ್ರೆ ಪುಸ್ತಕದಲ್ಲಿ ಬಿಟ್ಟುಹೋದ ಪಾಠ ಅದು. ಅದನ್ನು ನಾವೇ ಬರೀಬೇಕು.